ಉಸುಕು ತಿಕ್ಕುವ ಕಲ್ಲಿನ ಮೇಲಿನ ಸಂಸಾರ

(ಗೋವಾದ ವಾಸ್ಕೋದಲ್ಲಿ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದೆ.)

ಮೊದಲು ನನ್ನ ಸೋಲಿನ ಕತೆ ಹೇಳಿಬಿಡುತ್ತೇನೆ. ಡೈವಿಂಗ್ ಕೆಲಸಕ್ಕೆ ಸೇರಿದ ಹೊಸತು. ಗ್ರಾಂಡೆ ದ್ವೀಪದ ಪಕ್ಕ ಬೋಟು ನಿಲ್ಲಿಸಿ ಒಬ್ಬ ಗಿರಾಕಿಯನ್ನು ನೀರಿಗೆ ಇಳಿಸಿದ್ದೆ. ಅವರು ಟಿವಿಯಲ್ಲಿ ಅಂಡಮಾನ್ ನೋಡಿ ಬಂದವರು. ನೀಲಿ ನೀರು, ಬಣ್ಣಬಣ್ಣದ ಹವಳ, ಅದರ ನಡುವೆ ಮೀನಿನ ಹಿಂಡು, ಇಷ್ಟು ಅವರ ತಲೆಯಲ್ಲಿತ್ತು. ಇಳಿದರೆ ಹಾಲು ಕಮ್ಮಿ ಹಾಕಿದ ಚಹಾದಂಥ ನೀರು. ಕೆಳಗೆ ಕಂದು ಕಲ್ಲು. ಕಲ್ಲಿನ ಮೇಲೆ ಕೆಸರಿನ ಪುಡಿ. ಸುತ್ತ ಉಸುಕು. ಇಪ್ಪತ್ತು ನಿಮಿಷಕ್ಕೇ ಮೇಲೆ ಬಂದು, ಬೋಟಿನ ಅಂಚು ಹಿಡಿದುಕೊಂಡು, "ಕೆಳಗೆ ಏನೂ ಇಲ್ಲವಲ್ರೀ, ದುಡ್ಡು ವಾಪಸ್ ಕೊಡಿ" ಅಂದರು. ಮಾಲೀಕರು ಅರ್ಧ ದುಡ್ಡು ವಾಪಸ್ ಕೊಟ್ಟರು. ಅದನ್ನು ನನ್ನ ಪಗಾರದಲ್ಲಿ ಹಿಡಿದರು.

ಆಗ ನನಗೂ ಅವರು ಹೇಳಿದ್ದೇ ಸರಿ ಅನಿಸಿತ್ತು. ನಾನು ಗದಗ ಕಡೆಯವನು. ಈಜು ಕಲಿತಿದ್ದು ಬಾವಿಯಲ್ಲಿ. ಸಮುದ್ರದ ತಳ ಅಂದರೆ ಏನು, ಅಲ್ಲಿ ಏನಿರಬೇಕು ಅಂತ ಯಾರು ನನಗೆ ಹೇಳಿಕೊಟ್ಟಿದ್ದರು? ಆ "ಏನೂ ಇಲ್ಲ"ದ ಒಳಗೆ ಏನೇನಿದೆ ಅಂತ ಕಾಣಲು ನನಗೆ ಮೂರ್ನಾಲ್ಕು ವರ್ಷ ಹಿಡಿಯಿತು. ಇವತ್ತು ಆ ಕಲ್ಲಿನ ಬಗ್ಗೆಯೇ ಮಾತಾಡುತ್ತೇನೆ. ಹವಳದ ತೋಟದ ಬಗ್ಗೆ ಅಲ್ಲ.

ಉಸುಕು, ಹೂಳು ಎರಡೂ ಒಂದೇ ಅಂದುಕೊಳ್ಳಬೇಡಿ. ಇಲ್ಲಿ ಗೌಂಡಿ ಕೆಲಸದವರು ಜಾಸ್ತಿ ಜನ ಇದ್ದೀರಿ, ನಿಮಗೆ ನಾನು ಹೇಳಬೇಕಾಗಿಲ್ಲ. ಬಕೆಟ್ಟಿನಲ್ಲಿ ಒಂದು ಹಿಡಿ ಹೊಳೆ ಮರಳು ಹಾಕಿ ನೀರು ಕಲಕಿದರೆ ಉಸುಕು ತಟ್ಟನೆ ತಳಕ್ಕೆ ಕೂರುತ್ತದೆ, ಮಣ್ಣಿನ ಕೆಂಪು ನೀರಿನಲ್ಲೇ ತೇಲುತ್ತಾ ಉಳಿಯುತ್ತದೆ. ಅಳತೆಯ ಲೆಕ್ಕದಲ್ಲಿ ಒಂದು ಮಿಲಿಮೀಟರಿನ ಹದಿನಾರನೇ ಒಂದು ಭಾಗಕ್ಕಿಂತ ದೊಡ್ಡ ಕಾಳು ಉಸುಕು, ಅದಕ್ಕಿಂತ ಸಣ್ಣದು ಹೂಳು. ಈ ಸಣ್ಣ ವ್ಯತ್ಯಾಸದಿಂದ ಸಮುದ್ರದಲ್ಲಿ ಎರಡು ಬೇರೆಬೇರೆ ತೊಂದರೆ ಹುಟ್ಟುತ್ತವೆ. ಉಸುಕು ತಳದಲ್ಲೇ ಕುಪ್ಪಳಿಸುತ್ತಾ ಹೋಗುತ್ತದೆ, ಎದುರಿಗೆ ಸಿಕ್ಕಿದ್ದನ್ನೆಲ್ಲ ತಿಕ್ಕುತ್ತದೆ. ಹೂಳು ನೀರಿನಲ್ಲಿ ತೂಗುತ್ತಾ ಬೆಳಕು ಮುಚ್ಚುತ್ತದೆ. ನೀರು ಶಾಂತವಾದಾಗ ಮೆಲ್ಲಗೆ ಇಳಿದು ಎಲ್ಲದರ ಮೂಗು ಬಾಯಿ ಕಟ್ಟುತ್ತದೆ.

ಇಲ್ಲಿ ಹಡಗು ರಿಪೇರಿ ಯಾರ್ಡಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಇಬ್ಬರು ಕೈ ಎತ್ತಿದಿರಿ. ಹಡಗಿನ ಹೊಟ್ಟೆಗೆ ಅಂಟಿದ ಚಿಪ್ಪು, ತುಕ್ಕು ತೆಗೆಯಲು ಗಾಳಿಯ ಒತ್ತಡದಲ್ಲಿ ಗ್ರಿಟ್ ಅನ್ನುವ ಒರಟು ಪುಡಿ ಹೊಡೆಯುತ್ತೀರಿ, ಅಲ್ವಾ? ಮುಖಕ್ಕೆ ಗುರಾಣಿ ಕಟ್ಟದೆ ಆ ಪೈಪಿನ ಎದುರು ನಿಲ್ಲುವ ಧೈರ್ಯ ಯಾರಿಗೂ ಇಲ್ಲ. ಜೂನ್ ತಿಂಗಳಲ್ಲಿ ನಮ್ಮ ಸಮುದ್ರ ತನ್ನ ಕಲ್ಲುಗಳಿಗೆ ಮಾಡುವುದು ಇದೇ ಕೆಲಸ. ಅಲೆಯ ಅಲ್ಲಾಟ ಬರೀ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಎಷ್ಟು ದೂರವೋ ಅದರ ಅರ್ಧದಷ್ಟು ಆಳಕ್ಕೂ ಅದು ತಟ್ಟುತ್ತದೆ. ಮಳೆಗಾಲದ ಉದ್ದ ಅಲೆಗೆ ನಮ್ಮ ಹತ್ತು ಹನ್ನೆರಡು ಮೀಟರ್ ಆಳ ಏನೇನೂ ಅಲ್ಲ. ತಳದ ಉಸುಕೆಲ್ಲ ಎದ್ದು ಹಿಂದೆ ಮುಂದೆ, ಹಿಂದೆ ಮುಂದೆ ಓಡಾಡುತ್ತದೆ. ನಡುವೆ ನಿಂತ ಕಲ್ಲು ಪಾಲಿಶ್ ಪೇಪರಿಗೆ ಸಿಕ್ಕ ಮರದ ಹಾಗೆ.

ಹೂಳು ಎಲ್ಲಿಂದ ಬರುತ್ತದೆ? ಇದನ್ನು ಹೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಪಣಜಿಯ ಹತ್ತಿರ ಸಮುದ್ರ ಸೇರುವ ಮಾಂಡವಿ ಅಂದರೆ ನಮ್ಮ ಮಹದಾಯಿ. ಹುಟ್ಟುವುದು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನಲ್ಲಿ. ನೀರಿಗಾಗಿ ಎರಡು ರಾಜ್ಯ ಎಷ್ಟು ವರ್ಷದಿಂದ ಜಗಳ ಆಡುತ್ತಿವೆ ಅಂತ ನಿಮಗೆ ಗೊತ್ತು. ಮಣ್ಣಿಗಾಗಿ ಮಾತ್ರ ಯಾರೂ ಕೋರ್ಟಿಗೆ ಹೋಗಿಲ್ಲ. ಅದು ಪ್ರತಿ ಮಳೆಗಾಲ ಸುಮ್ನೆ ಇಲ್ಲಿಗೆ ಬರುತ್ತದೆ. ಈ ಕಡೆಯಿಂದ ಜುವಾರಿ ನದಿಯೂ ತನ್ನ ಪಾಲು ತಂದು ಸುರಿಯುತ್ತದೆ. ಬಂದರಿನ ದಾರಿಯನ್ನು ಡ್ರೆಜರ್ ತಂದು ಮತ್ತೆ ಮತ್ತೆ ತೋಡುವುದನ್ನು ನೀವೇ ನೋಡಿದ್ದೀರಿ.

ಈಗ ಕಲ್ಲಿನ ಹತ್ತಿರ ಹೋಗೋಣ. ಉಸುಕಿನ ನಡುವೆ ಆಳೆತ್ತರದ ಒಂದು ಬಂಡೆ ನಿಂತಿದೆ ಅಂತ ಇಟ್ಟುಕೊಳ್ಳಿ. ಹೊಸಬರು ಮೊದಲು ಅದರ ನೆತ್ತಿ ನೋಡುತ್ತಾರೆ. ನಾನು ಬುಡದಿಂದ ನೋಡು ಅನ್ನುತ್ತೇನೆ. ಉಸುಕು ಮುಟ್ಟುವ ಜಾಗದಲ್ಲಿ ಒಂದು ಗೇಣು ಕಲ್ಲು ಬೋಳು. ನುಣ್ಣಗೆ, ಬಣ್ಣ ಇಲ್ಲದೆ, ಆಗಷ್ಟೇ ತೊಳೆದ ರುಬ್ಬುವ ಕಲ್ಲಿನ ಹಾಗೆ. ಉಸುಕಿನ ಕಾಳು ಭಾರ, ಜಾಸ್ತಿ ಎತ್ತರಕ್ಕೆ ಹಾರಲಾರದು, ಹಾಗಾಗಿ ಅದರ ಪೆಟ್ಟೆಲ್ಲ ಬುಡಕ್ಕೆ. ಅದರ ಮೇಲೆ ಬಿಳಿ ಗೀಚುಗಳು ಶುರುವಾಗುತ್ತವೆ. ಸುಣ್ಣದ ಕೊಳವೆಯಲ್ಲಿ ಕೂರುವ ಹುಳ, ಅದರ ಜೊತೆಗೆ ಕಲ್ಲಿಗೆ ಅಂಟಿ ಕೂರುವ ಸಣ್ಣ ಚಿಪ್ಪಿನ ಪ್ರಾಣಿ ಬಾರ್ನಕಲ್. ಮೊಣಕಾಲಿನ ಮಟ್ಟ ದಾಟಿದ ಮೇಲೆ ಪೊದೆ ಶುರು. ನೆತ್ತಿಯ ಅಂಚಿನಲ್ಲಿ, ಸೆಳೆತ ಚೆನ್ನಾಗಿ ಬೀಸುವ ಕಡೆ, ಕಡಲ ಬೀಸಣಿಗೆ ಅನ್ನುವ ಹವಳದ ಬಂಧು. ಮನೆಯ ಗೋಡೆ ನೋಡಿ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಅಂತ ಹೇಳುತ್ತೀರಲ್ಲ, ಹಾಗೆಯೇ ಈ ಪಟ್ಟಿಗಳನ್ನು ನೋಡಿ ಉಸುಕು ಎಲ್ಲಿಯವರೆಗೆ ಹೊಡೆದಿದೆ ಅಂತ ಓದಬಹುದು. ಬೋಳು ಪಟ್ಟಿ ಒಂದು ಕಡೆ ಎತ್ತರ, ಇನ್ನೊಂದು ಕಡೆ ಗಿಡ್ಡ ಇದ್ದರೆ ಅಲೆ ಯಾವ ದಿಕ್ಕಿನಿಂದ ಬಡಿಯುತ್ತದೆ ಅಂತಲೂ ತಿಳಿಯುತ್ತದೆ.

ಪೊದೆ ಅಂದೆ. ಅಲ್ಲೇ ಮೋಸ. ಅದರಲ್ಲಿ ಗಿಡ ಇರುವುದು ತೀರಾ ಕಮ್ಮಿ. ಗಿಡಕ್ಕೆ ಬೆಳಕು ಬೇಕು, ಬೆಳಕನ್ನು ಹೂಳು ಕುಡಿದುಬಿಟ್ಟಿದೆ. ತಿಳಿನೀರಿನ ಸಮುದ್ರದಲ್ಲಿ ಕಡಲ ಪಾಚಿ ಎಷ್ಟೋ ಆಳಕ್ಕೆ ಹೋಗುತ್ತದೆ. ನಮ್ಮಲ್ಲಿ ಕೆಲವೇ ಮೀಟರಿಗೆ ಅದರ ಆಟ ಮುಗಿಯುತ್ತದೆ. ಖಾಲಿ ಉಳಿದ ಜಾಗವನ್ನೆಲ್ಲ ಪ್ರಾಣಿಗಳು ಹಿಡಿಯುತ್ತವೆ. ಗರಿಯ ಹಾಗೆ ಕಾಣುವುದು ಹೈಡ್ರಾಯ್ಡ್, ಅದು ಪ್ರಾಣಿ. ಕಂದು ಪೊದೆ ಬ್ರಯೋಜೋವಾ, ಅದೂ ಪ್ರಾಣಿ. ಎಲೆ, ಕೊಂಬೆ, ಹೂವು ಅಂತ ಕಾಣುವುದೆಲ್ಲ ಹೊಟ್ಟೆ ಮತ್ತು ಬಾಯಿ. ಆ ಗರಿಯನ್ನು ಚೆಂದ ಅಂತ ಮುಟ್ಟಲು ಹೋಗಬೇಡಿ. ಒಮ್ಮೆ ಕೈಗವಸು ಇಲ್ಲದೆ ಮುಟ್ಟಿ, ಚುರುಚುರು ಅಂತ ಮೂರು ದಿನ ಮುಂಗೈ ಕೆರೆದುಕೊಂಡಿದ್ದೇನೆ. ತುರಚಿ ಗಿಡ ತಾಗಿದವರಿಗೆ ಆ ಉರಿ ಗೊತ್ತಾಗುತ್ತದೆ.

ಬ್ರಯೋಜೋವಾ ಅನ್ನುವ ಹೆಸರಿನ ಅರ್ಥವೇ ಪಾಚಿ ಪ್ರಾಣಿ. ಒಂದೊಂದು ಪ್ರಾಣಿ ಒಂದು ಮಿಲಿಮೀಟರಿಗಿಂತ ಚಿಕ್ಕದು. ಚಾಳಿನ ಖೋಲಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡ ಸಾವಿರಾರು ಪೆಟ್ಟಿಗೆ, ಪ್ರತಿ ಪೆಟ್ಟಿಗೆಯಲ್ಲಿ ಒಬ್ಬ ಬಾಡಿಗೆದಾರ. ಬ್ರಿಟನ್ನಿನ ಸುತ್ತಲಿನ ಸಮುದ್ರದಲ್ಲಿ ಇದರ ಒಂದು ಜಾತಿ ಇದೆ, ಫ್ಲಸ್ಟ್ರಾ ಅಂತ. ನಮ್ಮ ಕಡೆಯದಲ್ಲ. ಆದರೆ ಉಸುಕು ತಿಕ್ಕುವ ಕಲ್ಲಿನ ವಿಷಯ ಬಂದರೆ ಅದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಅಲ್ಲಿನವರು ಸಮುದ್ರದ ತಳವನ್ನು ವಿಂಗಡಿಸುವಾಗ ಉಸುಕು ತಿಕ್ಕುವ ಕಲ್ಲಿಗೆ ಬೇರೆ ವರ್ಗವನ್ನೇ ಮಾಡಿದ್ದಾರೆ, ಅದರ ಗುರುತಿನ ಪ್ರಾಣಿಗಳಲ್ಲಿ ಫ್ಲಸ್ಟ್ರಾ ಒಂದು. ತೆಳ್ಳಗಿನ ಎಲೆಯಂತೆ, ತುದಿ ಕವಲೊಡೆದು, ಒಂದು ಗೇಣಿನಷ್ಟು ಬೆಳೆಯುತ್ತದೆ. ಗಟ್ಟಿಯಾಗಿ ನಿಂತು ಹೋರಾಡುವುದಿಲ್ಲ, ಬಾಗುತ್ತದೆ. ಉಸುಕು ಹಾರಿ ಬಂದಾಗ ಆ ಕಡೆ, ತಿರುಗಿ ಹೋಗುವಾಗ ಈ ಕಡೆ. ಬಾಗಿ ಬಾಗಿಯೇ ತನ್ನ ಮೈಮೇಲಿನ ಹೂಳನ್ನೂ ಕೊಡವಿಕೊಳ್ಳುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುತ್ತದೆ, ಅದರ ಗೆರೆ ಎಲೆಯ ಮೇಲೆ ಉಳಿಯುತ್ತದೆ, ಮರದ ಉಂಗುರದ ಹಾಗೆ ಎಣಿಸಿ ವಯಸ್ಸು ಹೇಳಬಹುದು. ಹತ್ತು ವರ್ಷ ದಾಟಿ ಬದುಕುವುದೂ ಉಂಟು. ಹಸಿಯಾಗಿದ್ದಾಗ ನಿಂಬೆಹಣ್ಣಿನ ವಾಸನೆ ಬರುತ್ತದಂತೆ. ನಾನು ಮೂಸಿ ನೋಡಿಲ್ಲ, ಮೂಸಬೇಕು ಅನ್ನುವ ಆಸೆ ಇದೆ.

ಈ ಫ್ಲಸ್ಟ್ರಾದ ಮೇಲೆ ಒಂದು ಕತೆ ಇದೆ. ವಿಷಯ ಬಿಟ್ಟು ಎರಡು ನಿಮಿಷ ಆ ಕಡೆ ಹೋಗಿ ಬರುತ್ತೇನೆ. 1827ರಲ್ಲಿ ಎಡಿನ್‌ಬರೋದಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಡಾಕ್ಟರಿಕೆ ಓದುತ್ತಿದ್ದ. ಓದಿನಲ್ಲಿ ಮನಸ್ಸಿಲ್ಲ. ಆಪರೇಷನ್ ನೋಡಲಾಗದೆ ಓಡಿ ಹೋದವನು. ಅವನಿಗೆ ಸಮುದ್ರದ ದಂಡೆಯ ಹುಚ್ಚು. ಫ್ಲಸ್ಟ್ರಾದ ಮೊಟ್ಟೆ ಅಂತ ಎಲ್ಲರೂ ಅಂದುಕೊಂಡಿದ್ದ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ. ಅವು ತಾವೇ ಈಜುತ್ತಿದ್ದವು! ಮೈತುಂಬ ಸಣ್ಣ ರೋಮ, ಅದನ್ನು ಬಡಿದು ಬಡಿದು ಚಲಿಸುತ್ತಿದ್ದವು. ಮೊಟ್ಟೆಯಲ್ಲ, ಮರಿ. ಮಾರ್ಚ್ 27ರಂದು ಅಲ್ಲಿನ ವಿದ್ಯಾರ್ಥಿಗಳ ಪ್ಲಿನಿಯನ್ ಸೊಸೈಟಿಯಲ್ಲಿ ಎದ್ದು ನಿಂತು ಇದನ್ನು ಹೇಳಿದ. ಹುಡುಗನ ಹೆಸರು ಚಾರ್ಲ್ಸ್ ಡಾರ್ವಿನ್. ಅವನ ಜೀವನದ ಮೊದಲ ವೈಜ್ಞಾನಿಕ ಮಾತೇ ಅದು. ತಮಾಷೆ ಏನೆಂದರೆ ಅವನಿಗೆ ದಾರಿ ತೋರಿಸಿದ ರಾಬರ್ಟ್ ಗ್ರಾಂಟ್ ಮೂರು ದಿನ ಮೊದಲೇ ಬೇರೆ ಸಭೆಯಲ್ಲಿ ಅದನ್ನು ಹೇಳಿಬಿಟ್ಟಿದ್ದರು. ಆಮೇಲೆ ಇದೇ ಡಾರ್ವಿನ್ ಎಂಟು ವರ್ಷ ಕೂತು ಬರೀ ಬಾರ್ನಕಲ್ ಅಭ್ಯಾಸ ಮಾಡಿದರು. ನೀವು ಯಾರ್ಡಿನಲ್ಲಿ ಬೈದುಕೊಂಡು ಕೆರೆದು ತೆಗೆಯುತ್ತೀರಲ್ಲ, ಅದೇ ಬಾರ್ನಕಲ್.

ಆ ಮರಿ ಈಜುವುದು ನಮ್ಮ ವಿಷಯಕ್ಕೆ ಯಾಕೆ ಬೇಕು ಅಂದರೆ, ಕಲ್ಲಿಗೆ ಅಂಟಿದ ಪ್ರಾಣಿ ಎದ್ದು ಓಡಲಾರದು. ಉಸುಕು ಬಂದರೂ ಅಲ್ಲೇ, ಹೂಳು ಬಂದರೂ ಅಲ್ಲೇ. ಅದರ ಬದುಕಿನಲ್ಲಿ ಜಾಗ ಹುಡುಕುವ ಅವಕಾಶ ಒಂದೇ ಸಲ, ಮರಿಯಾಗಿದ್ದಾಗ. ಬಾರ್ನಕಲ್ ಮರಿ ಕಲ್ಲನ್ನು ಮುಟ್ಟಿ, ಮೀಸೆಯಲ್ಲಿ ತಡವಿ, ನಾಲ್ಕು ಹೆಜ್ಜೆ ನಡೆದು, ಸರಿ ಅನಿಸದಿದ್ದರೆ ಮತ್ತೆ ಈಜಿ ಹೋಗುತ್ತದೆ. ಸರಿ ಅನಿಸಿದರೆ ತಲೆ ಕೆಳಗೆ ಮಾಡಿ ಅಂಟು ಸುರಿಸಿ ಕೂತುಬಿಡುತ್ತದೆ. ಅಲ್ಲಿಂದ ಸಾಯುವ ತನಕ ಅದೇ ವಿಳಾಸ. ಕಾಲು ಮೇಲೆ ಮಾಡಿ ಬಲೆ ಬೀಸಿದ ಹಾಗೆ ಬೀಸಿ ತಿನ್ನುತ್ತದೆ.

ಇನ್ನು ನನ್ನ ಮೆಚ್ಚಿನ ಪ್ರಾಣಿ. ಇದನ್ನು ನಾನು ಗೌಂಡಿ ಹುಳ ಅಂತ ಕರೆಯುತ್ತೇನೆ. ಪುಸ್ತಕದಲ್ಲಿ ಸಬೆಲ್ಲೇರಿಯಾ ಗುಂಪು. ನಮ್ಮ ಪಶ್ಚಿಮ ತೀರದಲ್ಲೂ ಇದರ ಬಂಧುಗಳು ಇವೆ. ಉಸುಕಿನ ಮುದ್ದೆಯಂತೆ, ಮೇಲೆ ನೂರಾರು ತೂತು, ಜೇನುಗೂಡು ಕಲ್ಲಾದ ಹಾಗೆ ಕಾಣುತ್ತದೆ. ಕಾಲಿಟ್ಟರೆ ಪುಡಿಯಾಗುತ್ತದೆ, ದಯವಿಟ್ಟು ಇಡಬೇಡಿ. ಪ್ರತಿ ತೂತಿನಲ್ಲಿ ಬೆರಳಿಗಿಂತ ಸಣ್ಣ ಹುಳ. ಉಳಿದ ಪ್ರಾಣಿಗಳು ಉಸುಕು ಬಂತು ಅಂತ ಅಳುವ ಜಾಗದಲ್ಲಿ ಇದು ಉಸುಕಿಗಾಗಿ ಕಾಯುತ್ತಾ ಕೂರುತ್ತದೆ. ತೀರಾ ಶಾಂತ ನೀರಿನಲ್ಲಿ ಇದಕ್ಕೆ ಮನೆ ಕಟ್ಟಲಾಗದು, ಯಾಕೆಂದರೆ ಸಾಮಾನು ತಂದುಕೊಡುವವರಿಲ್ಲ. ಅಲೆಯೇ ಅದರ ಟಿಪ್ಪರ್ ಲಾರಿ.

ನೀರಿನಲ್ಲಿ ಉಸುಕು ಹಾರಿ ಬರುವಾಗ ಗ್ರಹಣಾಂಗಗಳಲ್ಲಿ ಒಂದೊಂದೇ ಕಾಳು ಹಿಡಿಯುತ್ತದೆ. ಬಾಯಿಯ ಹತ್ತಿರ ಥಾಪಿಯಂಥ ಒಂದು ಅಂಗ ಇದೆ. ಕಾಳನ್ನು ಅಲ್ಲಿಗೆ ತಂದು ತಿರುಗಿಸಿ ತಿರುಗಿಸಿ ನೋಡುತ್ತದೆ. ತೀರಾ ದೊಡ್ಡದು, ಬೇಡ, ಎಸೆ. ತೀರಾ ಪುಡಿ, ಬೇಡ. ಸರಿ ಅಳತೆಯದು ಸಿಕ್ಕಿದರೆ ಎರಡು ಚುಕ್ಕೆ ಅಂಟು ಹಚ್ಚಿ, ಗೋಡೆಯ ತುದಿಗೆ ಇಟ್ಟು, ಸ್ವಲ್ಪ ಹೊತ್ತು ಅಲ್ಲಾಡಿಸಿ ಕೂರಿಸುತ್ತದೆ. ನೀವು ಇಟ್ಟಿಗೆ ಇಟ್ಟು ಥಾಪಿಯ ಹಿಡಿಯಿಂದ ಎರಡು ಸಲ ತಟ್ಟುತ್ತೀರಲ್ಲ, ಥೇಟ್ ಹಾಗೆ. ಆಮೇಲೆ ಮುಂದಿನ ಕಾಳು. ಜನ್ಮವೆಲ್ಲ ಇದೇ ಕೆಲಸ.

ಇಲ್ಲಿ ಹಿಂದಿನ ಸಾಲಿನ ಕಾಕಾ ಒಬ್ಬರು, "ಯಾವ ಸಿಮೆಂಟ್ ಹಾಕುತ್ತದೆ? ನೀರಿನೊಳಗೆ ಹೇಗೆ ಸೆಟ್ ಆಗುತ್ತದೆ?" ಅಂತ ಕೇಳಿದರು. ಗೌಂಡಿ ಮಾತ್ರ ಕೇಳಬಲ್ಲ ಪ್ರಶ್ನೆ. ಅದೇ ಪ್ರಶ್ನೆಯನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್ ಮತ್ತು ಅವರ ಜೊತೆಯವರು ಕೇಳಿಕೊಂಡಿದ್ದಾರೆ. ಅವರು ನೋಡಿದ್ದು ಕ್ಯಾಲಿಫೋರ್ನಿಯಾ ತೀರದ ಇದೇ ಜಾತಿಬಂಧುವನ್ನು. ಅಂಟು ಪ್ರೋಟೀನಿನದು. ಒಂದು ಬಗೆಯಲ್ಲಿ ಧನ ವಿದ್ಯುದಂಶ, ಇನ್ನೊಂದರಲ್ಲಿ ಋಣ ವಿದ್ಯುದಂಶ. ಹುಳದ ಮೈಯೊಳಗೆ ಬೇರೆಬೇರೆ ಇರುತ್ತವೆ, ಹೊರಬಂದ ಮೇಲೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಎರಡು ಟ್ಯೂಬ್ ಬೆರೆಸಿ ಹಚ್ಚುವ ಅಂಟು ಅಂಗಡಿಯಲ್ಲಿ ಸಿಗುತ್ತದಲ್ಲ, ಅಂಥದ್ದು. ಸಮುದ್ರದ ನೀರು ತಾಗಿದ ಕೂಡಲೇ ಅರ್ಧ ನಿಮಿಷದೊಳಗೆ ಗಟ್ಟಿ. ಪೂರ್ತಿ ಹದಕ್ಕೆ ಬರಲು ಇನ್ನೂ ಕೆಲವು ಗಂಟೆ ಬೇಕು. ಕ್ಯೂರಿಂಗ್! ಒಡೆದ ಮೂಳೆಯ ಚೂರುಗಳನ್ನು ಒದ್ದೆ ಮೈಯೊಳಗೇ ಅಂಟಿಸಲು ಇದರ ನಕಲು ಮಾಡಬಹುದಾ ಅಂತ ಅವರ ಹುಡುಕಾಟ.

ಒಂದು ಹುಳ ಕಟ್ಟಿದರೆ ಒಂದು ಕೊಳವೆ. ಸಾವಿರ ಹುಳ ಪಕ್ಕಪಕ್ಕ ಕಟ್ಟಿದರೆ ಅಲ್ಲೊಂದು ಬೇರೆಯೇ ಬಡಾವಣೆ. ಅದರ ಸಂದಿನಲ್ಲಿ ಏಡಿಮರಿ, ಬೇರೆ ಹುಳ, ಸಣ್ಣ ಚಿಪ್ಪಿನವು ಬಂದು ಸೇರುತ್ತವೆ. ಬೋಳು ಕಲ್ಲಿನ ಮೇಲೆ ಇವಕ್ಕೆ ಜಾಗ ಇರಲಿಲ್ಲ. ತಿಕ್ಕಿ ಓಡಿಸುತ್ತಿದ್ದ ಉಸುಕೇ ಈಗ ಗೋಡೆಯಾಗಿ ನಿಂತಿದೆ.

ಉಸುಕನ್ನು ಮೈಗೇ ಹಾಕಿಕೊಳ್ಳುವವರೂ ಇದ್ದಾರೆ. ಇಳಿತದ ಹೊತ್ತಿನಲ್ಲಿ ಅಂಜುಣಾದ ಕಲ್ಲುಗಳ ಮೇಲೆ ನಡೆದವರು ನೋಡಿರಬಹುದು. ಕಂದು, ಹಸಿರು ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಕೌದಿಯ ಹಾಗೆ ಹಾಸಿರುತ್ತದೆ. ಇವು ಜೋಯಾಂಥಿಡ್‌ಗಳು, ಹವಳದ ಬಂಧುಗಳು. ಇವುಗಳಲ್ಲಿ ಪಾಲಿಥೋವಾ ಅನ್ನುವುದು ಉಸುಕಿನ ಕಾಳನ್ನು ಚರ್ಮದೊಳಕ್ಕೇ ಎಳೆದುಕೊಂಡು ಸೇರಿಸಿಕೊಳ್ಳುತ್ತದೆ. ಹವಳದ ಹಾಗೆ ಸುಣ್ಣದ ಎಲುಬು ಕಟ್ಟುವ ಖರ್ಚಿಲ್ಲ. ಮೈಯೇ ಪ್ಲಾಸ್ಟರ್ ಆಯಿತು. ಹಿಸುಕಿದರೆ ಬೆರಳಿಗೆ ಕರಕರ ಅನ್ನುತ್ತದೆ, ಆದರೆ ಹಿಸುಕಬೇಡಿ. ಈ ಗುಂಪಿನ ಕೆಲವಲ್ಲಿ ಪಾಲಿಟಾಕ್ಸಿನ್ ಅನ್ನುವ ಕಡು ವಿಷ ಇರುತ್ತದೆ. ಕೈಯಲ್ಲಿ ಗಾಯ ಇದ್ದರೆ ದೂರವೇ ನಿಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗುವ ಅಕ್ಕಂದಿರು ಇದನ್ನು ನೆನಪಿಟ್ಟುಕೊಳ್ಳಿ.

ಕಡಲ ಹೂ ಅನ್ನುತ್ತಾರಲ್ಲ, ಅನಿಮೋನ್. ಅದರಲ್ಲೂ ಇಂಥವು ಇವೆ. ಬುಡ ಕಲ್ಲಿಗೆ ಅಂಟಿಸಿ, ಮೈಯೆಲ್ಲ ಉಸುಕಿನೊಳಗೆ ಹೂತು, ಮುಖ ಮಾತ್ರ ಮೇಲೆ. ಮೈಮೇಲಿನ ಗುಳ್ಳೆಗಳಿಗೆ ಚಿಪ್ಪಿನ ಚೂರು, ಹರಳು ಅಂಟಿಸಿಕೊಂಡಿರುತ್ತವೆ. ಮುದುಡಿಕೊಂಡರೆ ಉಸುಕಿನ ಉಂಡೆ, ಅಷ್ಟೇ. ನೀವು ಅದರ ಮೇಲೆ ಕೈ ಊರಿದರೂ ಗೊತ್ತಾಗದು. ಮೈತುಂಬ ತೂತಿನ ಪ್ರಾಣಿಗಳಾದ ಸ್ಪಂಜುಗಳಲ್ಲಿ ಕೆಲವು ಇನ್ನೂ ಮುಂದೆ ಹೋಗಿವೆ. ದೇಹ ಪೂರ್ತಿ ಹೂತುಹೋಗಿದೆ, ಉಸುಕಿನಿಂದ ನಾಲ್ಕಾರು ಬೆರಳು ಮಾತ್ರ ಮೇಲಕ್ಕೆ ಎದ್ದಿವೆ. ನೀರು ಆಡಿಸಲು ಆ ಬೆರಳೇ ಕಿಟಕಿ. ಮೊದಲ ಸಲ ನೋಡಿದಾಗ ಯಾರದೋ ಕೈ ಹೂತಿದೆಯೇನೋ ಅಂತ ಎದೆ ಧಸಕ್ಕೆಂದಿತ್ತು.

ಹೂಳಿನ ಜೊತೆ ಏಗುವುದು ಹೇಗೆ ಅಂತ ನೋಡಬೇಕಾದರೆ ನೀರಿಗೆ ಇಳಿಯುವುದೇ ಬೇಡ, ಮೀನು ಮಾರ್ಕೆಟ್ಟಿಗೆ ಹೋದರೆ ಸಾಕು. ಪಚ್ಚಿಲೆ ಅನ್ನುವ ಎರಡು ಚಿಪ್ಪಿನ ಪ್ರಾಣಿ ತಂದು, ತೊಳೆದು, ಜೀವ ಇರುವಾಗಲೇ ಸಮುದ್ರದ ನೀರಿನಲ್ಲಿ ಇಟ್ಟು ನೋಡಿ. ಎರಡು ಚಿಪ್ಪಿನ ನಡುವೆ ಸಣ್ಣ ಬಿರುಕು ಬಿಡುತ್ತದೆ. ಒಂದು ಕಡೆಯಿಂದ ನೀರು ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ನೀರಿಗೆ ಒಂದು ಚಿಟಿಕೆ ಜೇಡಿ ಕಲಕಿ. ಸ್ವಲ್ಪ ಹೊತ್ತಿನಲ್ಲಿ ಅಂಚಿನಿಂದ ಲೋಳೆಯಲ್ಲಿ ಸುತ್ತಿದ ಸಣ್ಣ ದಾರದ ತುಂಡುಗಳು ಉದುರಲು ಶುರುವಾಗುತ್ತವೆ. ಅದು ಹೇಲಲ್ಲ. ಹೊಟ್ಟೆಗೆ ಹೋಗುವ ಮೊದಲೇ ಜರಡಿ ಹಿಡಿದು, ಮಣ್ಣನ್ನು ಬೇರೆ ಮಾಡಿ, ಲೋಳೆಯಲ್ಲಿ ಪೊಟ್ಟಣ ಕಟ್ಟಿ ಹೊರಗೆ ಹಾಕಿದ್ದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಎರಡು ಮೂರು ತಾಸು ಬಿಟ್ಟರೆ ಬಕೆಟ್ಟಿನ ನೀರು ತಿಳಿ ಆಗುತ್ತಾ ಬರುತ್ತದೆ. ಸಾರಿನಲ್ಲಿ ಉಸುಕು ಸಿಕ್ಕಿತು ಅಂತ ಮನೆಯಲ್ಲಿ ಬೈಸಿಕೊಂಡವರಿಗೂ ಇದೇ ಉಪಾಯ, ಅಡುಗೆಗೆ ಮೊದಲು ಒಂದಿಷ್ಟು ಹೊತ್ತು ಶುದ್ಧ ಉಪ್ಪುನೀರಿನಲ್ಲಿ ಬಿಡಿ.

ಹವಳದ ಮಾತು ಬೇಡ ಅಂದಿದ್ದೆ, ಆದರೂ ಒಂದು ವಿಷಯ ಹೇಳಲೇಬೇಕು. ಹೂಳಿನ ನೀರಿನಲ್ಲಿ ಹವಳ ಬದುಕುವುದೇ ಇಲ್ಲ ಅನ್ನುವುದು ತಪ್ಪು. ಕೊಂಬೆ ಕೊಂಬೆಯ ನಾಜೂಕು ಹವಳಕ್ಕೆ ಕಷ್ಟ, ನಿಜ. ಗುಂಡಗೆ, ಗಿಡ್ಡಗೆ, ಕಲ್ಲಿಗೆ ಅಂಟಿದ ಹಾಗೆ ಬೆಳೆಯುವ ಕೆಲವು ಇವೆ. ಹೂಳು ಕೂತರೆ ಮೈ ಉಬ್ಬಿಸಿ ಜಾರಿಸುತ್ತವೆ, ಲೋಳೆ ಬಿಟ್ಟು ಅದರ ಜೊತೆ ಕೊಚ್ಚಿ ಕಳಿಸುತ್ತವೆ. ಮುಂಬೈಯಲ್ಲಿ ಹಾಜಿ ಅಲಿ, ವರಳಿಯ ಹತ್ತಿರ, ಅಷ್ಟು ದೊಡ್ಡ ಊರಿನ ಗಲೀಜು ನೀರಿನ ಪಕ್ಕದಲ್ಲೇ ಇಂಥ ಹವಳ ಇದ್ದವು. ಕೋಸ್ಟಲ್ ರೋಡ್ ಮಾಡುವಾಗ, 2020ರಲ್ಲಿ, ನಮ್ಮ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಮುಂದೆ ನಿಂತು ಅವನ್ನು ಎಬ್ಬಿಸಿ ಬೇರೆ ಕಡೆ ನೆಡಿಸಿದರು. ಅಲ್ಲಿ ಹವಳ ಇದೆ ಅನ್ನುವುದೇ ಎಷ್ಟೋ ಮುಂಬೈಕರರಿಗೆ ಆಗ ಗೊತ್ತಾಯಿತು. ಎಬ್ಬಿಸಿ ನೆಡುವುದು ಬದುಕಿಸಿದ ಹಾಗೆ ಆಗುತ್ತದಾ ಅನ್ನುವುದರಲ್ಲಿ ನನಗೆ ಅನುಮಾನ ಇದೆ. ಹವಳ ಹೋಯಿತು, ಸರಿ. ಆ ಕಲ್ಲಿನ ಬುಡದಲ್ಲಿದ್ದ ಹುಳ, ಸ್ಪಂಜು, ಬ್ರಯೋಜೋವಾಗಳನ್ನು ಯಾರು ಎಬ್ಬಿಸಿದರು? ಕಾನೂನಿನಲ್ಲೂ ಹಾಗೇ. ಹವಳಕ್ಕೂ ಕಡಲ ಬೀಸಣಿಗೆಗೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ 2001ರಿಂದ ಜಾಗ ಇದೆ. ಹುಲಿಗೆ ಇರುವ ಪಟ್ಟಿ ಅದು. ಗೌಂಡಿ ಹುಳಕ್ಕೆ ಯಾವ ಪಟ್ಟಿಯೂ ಇಲ್ಲ.

ಈಗ ಮಳೆಗಾಲದ ನಂತರದ ಮಾತು. ಜೂನಿನಲ್ಲಿ ನಮ್ಮ ಬೋಟುಗಳು ದಡಕ್ಕೆ ಬರುತ್ತವೆ, ಮತ್ತೆ ಇಳಿಯುವುದು ಅಕ್ಟೋಬರಿಗೆ. ಒಂದು ವರ್ಷ ನನಗೆ ಚೆನ್ನಾಗಿ ಗುರುತಿದ್ದ ಒಂದು ಗಿಡ್ಡ ಬಂಡೆಗೆ ಹೋದೆ. ಸೊಂಟದೆತ್ತರದ ಬಂಡೆ. ಅದರ ಎಡಕ್ಕೆ ನಾನು ದಿನಾ ನೋಡುತ್ತಿದ್ದ ಒಂದು ಕೇಸರಿ ಸ್ಪಂಜು. ಬಂಡೆಯೇ ಇಲ್ಲ! ದಿಕ್ಕು ತಪ್ಪಿತು ಅಂದುಕೊಂಡು ಎರಡು ಸುತ್ತು ಹೊಡೆದೆ. ಆಮೇಲೆ ಉಸುಕಿನಲ್ಲಿ ತಟ್ಟೆಯಷ್ಟು ಅಗಲದ ಕಲ್ಲು ಕಂಡಿತು. ಅದು ಬಂಡೆಯ ನೆತ್ತಿ. ಉಳಿದದ್ದೆಲ್ಲ ಹೂತುಹೋಗಿತ್ತು. ಸ್ಪಂಜು ಎಲ್ಲಿ ಅಂತ ಕೇಳುವುದೇ ಬೇಡ. ಜನವರಿಯ ಹೊತ್ತಿಗೆ ಉಸುಕು ಸರಿದು ಬಂಡೆ ಮತ್ತೆ ಮೊಣಕಾಲುದ್ದ ಎದ್ದಿತು. ಪೂರ್ತಿ ಬೋಳು. ಬಿಳಿಚಿಕೊಂಡಿತ್ತು.

ನಾನು ವಾರಕ್ಕೊಮ್ಮೆಯಾದರೂ ಅದನ್ನು ಹೋಗಿ ನೋಡಿ ಬರುತ್ತಿದ್ದೆ. ಮೊದಲು ಏನೂ ಇಲ್ಲ, ಒಂದು ತರಹದ ಜಾರು. ಆಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಎಲ್ಲ ಕಡೆ, ಸಾಸಿವೆ ಎರಚಿದ ಹಾಗೆ. ಬಾರ್ನಕಲ್ ಮರಿ. ಅದರ ನಡುವೆ ಸುಣ್ಣದ ಗೀಚು, ಕೊಳವೆ ಹುಳ. ಇವರಿಬ್ಬರೂ ಅವಸರದವರು. ಬೇಗ ಕೂರು, ಬೇಗ ಬೆಳೆ, ಬೇಗ ಮರಿ ಬಿಡು, ಯಾಕೆಂದರೆ ಮುಂದಿನ ಜೂನ್ ಬಂದೇ ಬರುತ್ತದೆ. ಬ್ರಿಟನ್ನಿನ ಕಡೆಯೂ ಚಳಿಗಾಲದ ಬಿರುಗಾಳಿಗೆ ಬೋಳಾದ ಕಲ್ಲಿಗೆ ಮೊದಲು ಬರುವವರು ಇದೇ ಎರಡು ಮನೆತನದವರು. ಮಾರ್ಚಿಗೆ ಹೈಡ್ರಾಯ್ಡ್ ಗರಿ ಎದ್ದಿತು. ಏಪ್ರಿಲ್ಲಿಗೆ ಅದರ ಗರಿ ಮೇಯಲು ಸಣ್ಣ ಸಣ್ಣ ಸಿಂಬಳದ ಹುಳುಗಳು ಬಂದವು, ಚಿಪ್ಪಿಲ್ಲದ ಬಸವನಹುಳು, ಮೈಮೇಲೆ ನೇರಳೆ ಬಣ್ಣ. ಚುಚ್ಚುವ ಗರಿಯನ್ನು ತಿಂದು ಅದರ ಚುಚ್ಚುವ ಕಣಗಳನ್ನೇ ತಮ್ಮ ಬೆನ್ನಿನ ಮೇಲೆ ಇಟ್ಟುಕೊಳ್ಳುವ ಕಿಲಾಡಿಗಳು. ಮೇ ಕೊನೆಗೆ ಬಂಡೆ ತುಂಬಿತ್ತು. ಜೂನಿನಲ್ಲಿ ನಾವು ಬೋಟು ಮೇಲೆ ಎಳೆದೆವು.

ನಮ್ಮ ಕಡೆಯ ಜನ ಇದನ್ನು ಕೇಳಿದಾಗ "ಪಾಪ" ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಉಸುಕು ಒಂದು ವರ್ಷ ತಿಕ್ಕದೆ ಬಿಟ್ಟರೆ ಆ ಗಿಡ್ಡ ಬಂಡೆಯ ಮೇಲೆ ನಿಧಾನದ, ದೊಡ್ಡ ಪ್ರಾಣಿಗಳು ಬಂದು ಎಲ್ಲ ಜಾಗ ಹಿಡಿಯುತ್ತವೆ, ಈ ಅವಸರದವರಿಗೆ ಕಾಲಿಡಲೂ ಜಾಗ ಇರುವುದಿಲ್ಲ. ಎತ್ತರದ ಬಂಡೆ ಅವರದು, ಗಿಡ್ಡ ಬಂಡೆ ಇವರದು. ಎರಡು ಬಂಡೆ ನಡುವೆ ಹತ್ತು ಮಾರು ದೂರ ಇಲ್ಲ, ಇರುವವರು ಮಾತ್ರ ಬೇರೆ. ಗಿರಾಕಿ "ಏನೂ ಇಲ್ಲ" ಅಂದಿದ್ದು ಯಾವ ತಿಂಗಳು ಗೊತ್ತಾ? ಅಕ್ಟೋಬರ್ ಮೊದಲ ವಾರ. ಬಾಡಿಗೆದಾರರು ಇನ್ನೂ ಸಾಮಾನು ಇಳಿಸಿರಲಿಲ್ಲ.

ಕೊನೆಗೆ ಕೇಳಿದ ಎರಡು ಪ್ರಶ್ನೆ. ಒಬ್ಬ ಹುಡುಗಿ, ಆರನೇ ಕ್ಲಾಸಿರಬೇಕು, "ಗೌಂಡಿ ಹುಳಕ್ಕೆ ಉಸುಕು ಸಿಗದಿದ್ದರೆ ಏನು ಮಾಡುತ್ತದೆ?" ಅಂತ ಕೇಳಿದಳು. ಪ್ರಯೋಗಾಲಯದಲ್ಲಿ ಅದನ್ನೇ ಮಾಡಿ ನೋಡಿದ್ದಾರೆ ಪುಟ್ಟಿ. ಮನೆಯ ತುದಿ ಮುರಿದು, ಉಸುಕಿನ ಬದಲು ಸಣ್ಣ ಗಾಜಿನ ಮಣಿ ಕೊಟ್ಟರು. ಅದು ಗಾಜಿನ ಮಣಿಯಲ್ಲೇ ಮನೆ ಮುಂದುವರಿಸಿತು. ಕೆಳಗೆ ಉಸುಕಿನ ಗೋಡೆ, ಮೇಲೆ ಗಾಜಿನ ಗೋಡೆ.

ಇನ್ನೊಂದು, ಈಜು ಬಾರದವರು ಇದನ್ನೆಲ್ಲ ನೋಡುವುದು ಹೇಗೆ ಅಂತ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇಳಿತ ಚೆನ್ನಾಗಿ ಇಳಿಯುತ್ತದೆ. ಮುಂಬೈಯಲ್ಲಿ ಐದು ಮೀಟರಿನ ಹತ್ತಿರ ಏರಿಳಿತ ಇರುತ್ತದೆ, ನಮ್ಮಲ್ಲಿ ಎರಡು ಮೀಟರ್ ಆಸುಪಾಸು, ಆದರೂ ಸಾಕು. ಬರುವ ಅಮಾವಾಸ್ಯೆಗೆ ಬೊಗ್ಮಾಳೊ ಬೀಚಿನ ತುದಿಯ ಕಲ್ಲುಗಳ ಹತ್ತಿರ ಇರುತ್ತೇನೆ. ಹವಾಯಿ ಚಪ್ಪಲಿ ಬೇಡ, ಜಾರುತ್ತದೆ, ಹಳೆಯ ಬೂಟು ಹಾಕಿಕೊಂಡು ಬನ್ನಿ. ನೀರು ತಿರುಗುವ ಒಂದು ತಾಸು ಮೊದಲೇ ಬಂದರೆ ಒಳ್ಳೆಯದು. ಬಂಡೆಯ ಬುಡದಿಂದ ಶುರು ಮಾಡೋಣ.